ಬಿದ್ರಿ ಹಿಡಿಯ ಖಂಜರ್: ಅಸಲಿ ಯಾವುದು, ನಕಲಿ ಯಾವುದು

ಬೀದರಿನ ನನ್ನ ಬಿದ್ರಿ ಅಂಗಡಿಗೆ ಹೂಜಿ, ಹುಕ್ಕಾ ಬೇಕೆನ್ನುವವರಷ್ಟೇ ಬರುವುದಿಲ್ಲ. ಹಳೆ ಆಯುಧ ಸಂಗ್ರಹಿಸುವವರೂ ಬರುತ್ತಾರೆ. ಖಂಜರ್, ಕಟಾರಿ, ಜಂಬಿಯಾದಂಥ ಹಳೆ ಬಾಕು ಏನಾದರೂ ಬಟ್ಟೆಯಲ್ಲಿ ಸುತ್ತಿ ತಂದು, ಬೆಳ್ಳಿ ತಂತಿ ಎದ್ದಿದೆ, ಕೂರಿಸಿಕೊಡಿ ಅನ್ನುತ್ತಾರೆ. ರಿಪೇರಿ ಸುಮ್ನೆ ನೆಪ. ಕೇಳಬೇಕಾದದ್ದು ಬೇರೆ ಇರುತ್ತದೆ: ‘ಉಸ್ತಾದ್, ಇದು ಬಹಮನಿ ಕಾಲದ್ದೇ ಅಲ್ರೀ?’

ಬಹಮನಿ ಆಳ್ವಿಕೆ 16ನೇ ಶತಮಾನದಲ್ಲೇ ಮುಗಿಯಿತು. ಇವತ್ತು ಉಳಿದಿರುವ ಹಳೆಯ ಬಿದ್ರಿ ಸಾಮಾನುಗಳು ಬಹುತೇಕ 17ನೇ ಶತಮಾನದಿಂದ ಈಚಿನವು. ಹಾಗಾಗಿ ಬಹಮನಿ ಹೆಸರು ಕೇಳಿದ ಕೂಡಲೇ ನಾನು ಭೂತಗನ್ನಡಿ ತೆಗೆಯುತ್ತೇನೆ.

ಕೆಲವನ್ನು ಕನ್ನಡಿ ಇಲ್ಲದೆಯೂ ಹೇಳಬಹುದು. ಅಲಗು ಕೂಡ ಕಪ್ಪಗಿದ್ದು, ಅದರ ಮೇಲೂ ಬೆಳ್ಳಿ ಬಳ್ಳಿ ಇದ್ದು, ‘ಪೂರ್ತಿ ಬಿದ್ರಿ ಖಂಜರ್, ಯುದ್ಧದ್ದು’ ಎಂದರೆ ನಂಬಬೇಡಿ. ಬಿದ್ರಿ ಎಂದರೆ ಸತುವು, ಅದರಲ್ಲಿ ಸ್ವಲ್ಪ ತಾಮ್ರ. ಅದಕ್ಕೆ ಅಂಚು ನಿಲ್ಲುವುದಿಲ್ಲ, ಬಿದ್ದರೆ ಮುರಿಯುತ್ತದೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಯಾವ ಸಿಪಾಯಿ ಹೋಗುತ್ತಾನೆ? ಅಲಗು ಉಕ್ಕಿನದೇ ಆಗಿರಬೇಕು, ಬಿದ್ರಿ ಹಿಡಿಗೆ ಮಾತ್ರ. ಆ ಹಿಡಿಗೆ ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಬಿದ್ರಿಯಲ್ಲ, ಕಪ್ಪು ಮಾಡಿದ ಕಬ್ಬಿಣ. ಒಳಗಿರುವ ಅಲಗಿನ ಬಾಲ ಮಾತ್ರ ಅಯಸ್ಕಾಂತವನ್ನು ಸ್ವಲ್ಪ ಎಳೆಯಬಹುದು.

ಬಿದ್ರಿಯ ಕಪ್ಪು ಮೇಲೆ ಬಳಿದ ಬಣ್ಣವಲ್ಲ. ಕೋಟೆಯ ಹಳೇ ಮಣ್ಣಿಗೆ ನವಸಾಗರ ಸೇರಿಸಿ ಬಿಸಿ ಮಾಡಿದ ಸಾಮಾನಿಗೆ ಉಜ್ಜಿದರೆ ಸತುವಿನ ಭಾಗ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅದಕ್ಕೇ ಮೂಲೆಯಲ್ಲಿ, ಕಾಣದ ಕಡೆ, ಹತ್ತಿಗೆ ಥಿನ್ನರ್ ಹಚ್ಚಿ ಒರೆಸಿ ನೋಡುತ್ತೇನೆ. ಹತ್ತಿ ಕಪ್ಪಾದರೆ ಮುಂದಿನ ಮಾತು ಬೇಡ.

ಇಡೀ ಸಾಮಾನು ನಕಲಿ ಆಗಿರುವುದಕ್ಕಿಂತ ತಲೆನೋವಿನದು ಜೋಡಿಸಿದ್ದು. ಅಲಗು ನಿಜವಾಗಿಯೂ ಹಳೆಯದು, ಹಿಡಿ ಮೊನ್ನೆಯದು. ಇಲ್ಲಿ ನಾನು ನೋಡುವುದು ಅಲಗು ಹಿಡಿಯೊಳಗೆ ಹೋಗುವ ಸಂದು. ನಮ್ಮ ಕಡೆಯ ಹಳೆ ಆಯುಧಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ಹಾಕಿ ಕೂರಿಸುತ್ತಿದ್ದರು. ಬಿಸಿ ಸೂಜಿ ತಾಗಿಸಿದರೆ ಅರಗು ಮೆತ್ತಗಾಗುತ್ತದೆ, ವಾಸನೆಯೂ ಬರುತ್ತದೆ. ಅಲ್ಲಿ ಈಗಿನ ಎಪಾಕ್ಸಿ ಅಂಟು ಕಂಡರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಪ್ರಾಮಾಣಿಕ ರಿಪೇರಿಯೂ ಇರಬಹುದು, ಅದಕ್ಕೆ ಇದೊಂದನ್ನೇ ನೋಡಿ ನಕಲಿ ಅನ್ನುವುದಿಲ್ಲ.

ಚಿನ್ನದ ಕೆಲಸ ಇದ್ದರೆ ಭೂತಗನ್ನಡಿ ಬೇಕೇ ಬೇಕು. ಉಕ್ಕಿನ ಮೇಲೆ ಚಿನ್ನ ಹಿಡಿಸುವ ಕೋಫ್ತ್‌ಗರಿಯಲ್ಲಿ ಮೊದಲು ಉಕ್ಕಿಗೆ ಅಡ್ಡ, ಉದ್ದ ಸಣ್ಣ ಗೀರು ಹಾಕಿ, ಆಮೇಲೆ ತಂತಿಯನ್ನು ಬಡಿಯುತ್ತಾರೆ. ಚಿನ್ನ ಸವೆದ ಜಾಗದಲ್ಲಿ ಆ ಗೀರುಗಳು ಕಾಣಬೇಕು. ಕೆಳಗೆ ನುಣ್ಣಗಿದ್ದರೆ ಅದು ಗಿಲೀಟು. ನನಗೆ ಇದಕ್ಕಿಂತ ಇಷ್ಟವಾದ ಗುರುತು ತುಕ್ಕಿನದು. ತುಕ್ಕು ತಿಂದು ಆದ ಗುಳಿ ಚಿನ್ನವನ್ನೂ ಕಡಿದು ಹೋಗಿರಬೇಕು. ಗುಳಿಯ ಒಳಗೇ ಚಿನ್ನ ಕೂತಿದ್ದರೆ, ತುಕ್ಕು ಹಿಡಿದ ಹಳೆ ಅಲಗಿಗೆ ಆಮೇಲೆ ಯಾರೋ ಶೃಂಗಾರ ಮಾಡಿದ್ದಾರೆ. ಫಾರ್ಸಿ ಅಕ್ಷರ, ಹಿಜರಿ ಇಸವಿ ಎಲ್ಲ ಸೇರಿಸಿದರಂತೂ ಬೆಲೆ ಏರುತ್ತದೆ, ಅಲ್ವಾ!

ನಮ್ಮ ದಖ್ಖನಿನ ಮೂಸೆ ಉಕ್ಕಿಗೆ, ಅಂದರೆ ವೂಟ್ಜ್‌ಗೆ, ನೀರಲೆಯಂಥ ಗೆರೆ ಬರುತ್ತದೆ. ಅದು ಉಕ್ಕಿನ ಒಳಗಿನದು, ಉಜ್ಜಿದರೂ ಆಮ್ಲ ತಾಗಿಸಿದಾಗ ಮತ್ತೆ ಮೂಡುತ್ತದೆ. ಮೇಲ್ಮೈಗೆ ಮಾತ್ರ ಕೊರೆಸಿದ ಗೆರೆ ಸ್ವಲ್ಪ ಉಜ್ಜಿದರೆ ಹೋಯಿತು. ಅಲಗಿನ ಬೆನ್ನಿನ ಮೇಲೂ ಗೆರೆ ಮುಂದುವರಿದಿದೆಯಾ ನೋಡಿ, ಬಹಳ ಸಲ ನಕಲಿ ಅಲ್ಲೇ ಸಿಕ್ಕಿಬೀಳುತ್ತದೆ.

ಹಳೆಯದಾಗಿಸುವವರು ಆಮ್ಲಕ್ಕೆ ಹಾಕುತ್ತಾರೆ, ಉಪ್ಪುಮಣ್ಣಲ್ಲಿ ಹೂಳುತ್ತಾರೆ. ಆಗ ಎಲ್ಲ ಕಡೆಯೂ ಒಂದೇ ಸಮ ಹಳತಾಗುತ್ತದೆ. ಕೈ ಹಾಗೆ ಸವೆಸುವುದಿಲ್ಲ. ಕಟಾರಿಯ ಎರಡು ಅಡ್ಡಪಟ್ಟಿಗಳಲ್ಲಿ ಬೆರಳು ಹಿಡಿಯುವ ಭಾಗ ನುಣುಪಾಗಿರುತ್ತದೆ, ಸಂದುಗಳಲ್ಲಿ ಕೊಳೆ ಗಟ್ಟಿಯಾಗಿ ಕೂತಿರುತ್ತದೆ. ಕೆಂಪಗೆ ಬೆರಳಿಗೆ ಹತ್ತುವ ತುಕ್ಕು ಹೊಸದು. ಹಳೆ ತುಕ್ಕು ಕಂದುಗಪ್ಪಗೆ ಉಕ್ಕಿಗೇ ಕಚ್ಚಿಕೊಂಡಿರುತ್ತದೆ. ಹಾಗಂತ ಅದನ್ನು ಮರಳು ಕಾಗದದಿಂದ ತಿಕ್ಕಬೇಡಿ. ಅಸಲಿಯನ್ನೂ ತಿಕ್ಕಿ ಹೊಳಪಿಸಿ ಕೆಡಿಸಿದವರು ಜಾಸ್ತಿ.

ಹೊಸ ಹಿಡಿ ಮಾಡಿಸುವವರೂ ಬರುತ್ತಾರೆ. ಸಂತೋಷದಿಂದ ಮಾಡಿಕೊಡುತ್ತೇನೆ, ಬಿಲ್ಲಿನಲ್ಲಿ ‘ಹೊಸದು’ ಎಂದು ಬರೆಯುತ್ತೇನೆ, ಹಿಡಿಯ ಒಳಗೆ ಇಸವಿ ಕೊರೆಯುತ್ತೇನೆ. ಇಸವಿ ಬೇಡ ಎಂದವರ ಕೆಲಸ ತೆಗೆದುಕೊಳ್ಳುವುದಿಲ್ಲ. ಇನ್ನು, ನೂರು ವರ್ಷ ದಾಟಿದ್ದು ಅಸಲಿಯೇ ಆಗಿದ್ದರೆ ಅದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಮಾರುವ ವ್ಯಾಪಾರಿಗೆ ಲೈಸೆನ್ಸ್ ಇರಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ‘ದುಬೈಗೆ ಕೊರಿಯರ್ ಮಾಡ್ತೀವ್ರಿ, ನೂರು ವರ್ಷದ್ದು ಗ್ಯಾರಂಟಿ’ ಎನ್ನುವವನು ಒಂದೋ ಕಾನೂನು ಮುರಿಯುತ್ತಿದ್ದಾನೆ, ಇಲ್ಲವೇ ನಿಮಗೆ ಹೊಸ ಚಾಕು ಮಾರುತ್ತಿದ್ದಾನೆ.