ಮಕ್ಕಳ ಪಾಸ್‌ಪೋರ್ಟ್: ಫೀಸು ಸಾವಿರ ರೂಪಾಯಿ, ಓಡಾಟ ಕಾಗದದ ಮೇಲೆ

ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ಬರುತ್ತದೆ, ಮಕ್ಕಳದ್ದು ಐದೇ ವರ್ಷ. ಅಪ್ಪ, ಅಮ್ಮ, ಮಗು ಮೂವರಿಗೂ ಒಟ್ಟಿಗೇ ಮಾಡಿಸಿಟ್ಟ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ದುಬೈಗೋ ಸಿಂಗಾಪುರಕ್ಕೋ ಟಿಕೆಟ್ ಮಾಡಿಸಲು ಕೂತಾಗ ಮಗುವಿನ ಪುಸ್ತಕದ ಅವಧಿ ಮುಗಿದಿರುತ್ತದೆ. ಆ ಐದು ವರ್ಷವೂ ಪೂರ್ತಿ ಬಳಕೆಗೆ ಸಿಗುವುದಿಲ್ಲ. ಬಹಳಷ್ಟು ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎಂದು ಕೇಳುತ್ತವೆ. ಹಾಗಾಗಿ ನಾಲ್ಕೂವರೆ ವರ್ಷ ಎಂದೇ ಲೆಕ್ಕ ಹಾಕಿ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ಮರುವಿತರಣೆಗೆ, ಅಂದರೆ ಹಳೆಯದರ ಬದಲು ಹೊಸ ಪುಸ್ತಕಕ್ಕೆ, ಅರ್ಜಿ ಹಾಕಬಹುದು, ಕೊನೆಯ ತಿಂಗಳವರೆಗೆ ಕಾಯುವ ಅಗತ್ಯವಿಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸೋಣ. ಹದಿನೆಂಟರ ಒಳಗಿನವರಿಗೆ 36 ಪುಟದ ಪಾಸ್‌ಪೋರ್ಟಿಗೆ 1000 ರೂಪಾಯಿ. ಅವಧಿ ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು. ತತ್ಕಾಲ್‌ನಲ್ಲಿ ಹಾಕಿದರೆ ಇದರ ಮೇಲೆ 2000. ಎಂಟು ವರ್ಷದೊಳಗಿನ ಮಕ್ಕಳಿಗೆ ಶೇ. 10 ರಿಯಾಯಿತಿ ಇದೆಯಲ್ಲ, 900 ಕಟ್ಟಿದರೆ ಸಾಕಲ್ಲವೇ ಎಂದು ಕೇಳುವವರು ಬಹಳ. ಆ ರಿಯಾಯಿತಿ ಮೊದಲ ಸಲ ಮಾಡಿಸುವವರಿಗೆ ಮಾತ್ರ, ಮರುವಿತರಣೆಗೆ ಇಲ್ಲ. ಪುಸ್ತಕ ಕಳೆದುಹೋಗಿದ್ದರೆ ಅಥವಾ ಹಾಳಾಗಿದ್ದರೆ ಲೆಕ್ಕವೇ ಬೇರೆ, 36 ಪುಟದ್ದಕ್ಕೆ 3000 ರೂಪಾಯಿ. ಹಣ ಕಟ್ಟುವ ಮೊದಲು ಪಾಸ್‌ಪೋರ್ಟ್ ಸೇವಾ ಪೋರ್ಟಲ್ಲಿನ ಫೀ ಕ್ಯಾಲ್ಕ್ಯುಲೇಟರ್‌ನಲ್ಲಿ ಮಗುವಿನ ವಯಸ್ಸು ಹಾಕಿ ಒಮ್ಮೆ ನೋಡಿಕೊಳ್ಳಿ. ಸೈಬರ್ ಸೆಂಟರ್‌ನವರು ಅರ್ಜಿ ತುಂಬಿಕೊಟ್ಟದ್ದಕ್ಕೆ ತೆಗೆದುಕೊಳ್ಳುವುದು ಅವರ ಕೂಲಿ. ಅದನ್ನು ಸರ್ಕಾರಿ ಶುಲ್ಕದ ಜೊತೆ ಸೇರಿಸಿ "ಎರಡೂವರೆ ಸಾವಿರ ಆಗುತ್ತೆ" ಎಂದರೆ ರಸೀದಿ ಕೇಳಿ.

ಇನ್ನು ವಯಸ್ಸು. ಈ ಲೆಕ್ಕವನ್ನು ಜನ ಮಾಡುವುದೇ ಇಲ್ಲ, ಮಾಡಿದರೆ ಲಾಭವಿದೆ. ಹದಿನೈದು ತುಂಬಿದ ಮಕ್ಕಳಿಗೆ ಎರಡು ದಾರಿ: 1000 ಕಟ್ಟಿ ಹದಿನೆಂಟರವರೆಗಿನದು ತೆಗೆದುಕೊಳ್ಳಬಹುದು, ಇಲ್ಲವೇ 1500 ಕಟ್ಟಿ ಪೂರ್ತಿ ಹತ್ತು ವರ್ಷದ್ದು. 60 ಪುಟದ್ದು ಬೇಕೆಂದರೆ 2000. ಈಗ ಮಗಳಿಗೆ ಹದಿನಾಲ್ಕು ವರ್ಷ ಹತ್ತು ತಿಂಗಳು ಎಂದುಕೊಳ್ಳಿ. ಇವತ್ತೇ ಹಾಕಿದರೆ ಹದಿನೆಂಟಕ್ಕೆ ಮುಗಿಯುವ ಪುಸ್ತಕ ಬರುತ್ತದೆ, ಅಂದರೆ ಮೂರು ವರ್ಷ ಚಿಲ್ಲರೆ. ಎರಡು ತಿಂಗಳು ತಡೆದು ಹದಿನೈದು ತುಂಬಿದ ಮೇಲೆ ಹಾಕಿದರೆ ಐನೂರು ಹೆಚ್ಚಿಗೆ ಕೊಟ್ಟು ಡಿಗ್ರಿ ಮುಗಿಯುವವರೆಗೂ ನಿಶ್ಚಿಂತೆ. ತುರ್ತು ಪ್ರಯಾಣ ಇಲ್ಲದಿದ್ದರೆ ತಡೆಯುವುದೇ ಸರಿ. ಹದಿನಾರರ ಹುಡುಗನಿಗೆ ಸಾವಿರದ್ದು ಮಾಡಿಸುವುದಂತೂ ನನ್ನ ಪ್ರಕಾರ ದಂಡ. ಎರಡೇ ವರ್ಷಕ್ಕೆ ಮತ್ತೆ ಸಾಲಲ್ಲಿ ನಿಲ್ಲಬೇಕು.

ಅರ್ಜಿ ಹಾಕುವುದು ಸರ್ಕಾರದ ಪಾಸ್‌ಪೋರ್ಟ್ ಸೇವಾ ಪೋರ್ಟಲ್ಲಿನಲ್ಲಿ ಅಥವಾ ಎಂಪಾಸ್‌ಪೋರ್ಟ್ ಸೇವಾ ಆ್ಯಪಿನಲ್ಲಿ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇಲ್ಲದ ಜಾಲತಾಣ ಎಷ್ಟೇ ಸರ್ಕಾರಿಯಂತೆ ಕಂಡರೂ ಅದು ಏಜೆಂಟರದ್ದು. ಮಗುವಿನ ಹತ್ತಿರ ಹಳೆಯ ಪುಸ್ತಕ ಇರುವುದರಿಂದ 'ರೀಇಶ್ಯೂ' ಆರಿಸಬೇಕು, 'ಫ್ರೆಶ್' ಅಲ್ಲ. ಕಾರಣ ಕೇಳುವಲ್ಲಿ ಅವಧಿ ಮುಗಿದದ್ದು ಅಥವಾ ಮುಗಿಯಲಿರುವುದು ಎಂದು ಹಾಕಿ. ಮನೆ ಬದಲಾಗಿದ್ದರೆ ವಿಳಾಸ ಬದಲಾವಣೆಯನ್ನೂ ಅಲ್ಲೇ ಗುರುತು ಮಾಡಿ. ಮೊದಲು ಹೆಬ್ಬೆಟ್ಟು ಒತ್ತಿದ್ದ ಮಗು ಈಗ ಸಹಿ ಮಾಡುತ್ತದೆ ಎಂದರೆ ಸಹಿ ಬದಲಾವಣೆಯೂ ಸೇರುತ್ತದೆ. ನಾನ್ ಇಸಿಆರ್‌ಗೆ (ವಿದೇಶಕ್ಕೆ ಹೋಗುವಾಗ ವಲಸೆ ಅನುಮತಿಯ ತಪಾಸಣೆ ಬೇಡದವರ ವರ್ಗ) ಅರ್ಹರೇ ಎಂಬ ಪ್ರಶ್ನೆಗೆ ಹದಿನೆಂಟರೊಳಗಿನ ಎಲ್ಲರಿಗೂ ಉತ್ತರ 'ಹೌದು'.

ನಮ್ಮ ಶಿವಮೊಗ್ಗ ಕಡೆಯವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮಲೆನಾಡಿನಲ್ಲಿ ಇನಿಶಿಯಲ್ ಎಂದರೆ ಒಬ್ಬರಿಗೆ ಅಪ್ಪನ ಹೆಸರು, ಇನ್ನೊಬ್ಬರಿಗೆ ಊರು, ಮತ್ತೊಬ್ಬರಿಗೆ ಮನೆತನ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು. ಮೂರರಲ್ಲೂ ಒಂದೇ ಅಕ್ಷರ ಇರುವಂತೆ ಮೊದಲು ಸರಿಮಾಡಿಸಿ, ಆಮೇಲೆ ಪೋರ್ಟಲ್ ತೆರೆಯಿರಿ. ಕೆಲವರ ಹಳೆಯ ಪುಸ್ತಕದಲ್ಲಿ ಮಗುವಿನದು ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇ ಇಂಥ ಒಂಟಿ ಹೆಸರಿನವರಿಗೆ ಸಂದರ್ಶಕ ವೀಸಾದಲ್ಲಿ ತಕರಾರು ಮಾಡುತ್ತಿದೆ. ಗಲ್ಫಿನಲ್ಲಿ ನೆಂಟರಿರುವವರು ಮರುವಿತರಣೆಯ ಹೊತ್ತಿನಲ್ಲೇ ಹೆಸರು ಎರಡು ಭಾಗ ಆಗುವಂತೆ ನೋಡಿಕೊಳ್ಳುವುದು ಒಳ್ಳೆಯದು. ಆದರೆ ಅದಕ್ಕೆ ಮೊದಲು ಜನನ ಪ್ರಮಾಣಪತ್ರ, ಆಧಾರ್ ಎರಡೂ ಹಾಗೇ ಇರಬೇಕು.

ಹುಟ್ಟಿದ ಊರಿನದು ಇನ್ನೊಂದು ಸಣ್ಣ ಕಿರಿಕಿರಿ. 2014ರ ನವೆಂಬರ್ 1ರಂದು 'ಶಿಮೊಗ' ಅಧಿಕೃತವಾಗಿ 'ಶಿವಮೊಗ್ಗ' ಆಯಿತು. ಅದಕ್ಕೂ ಮೊದಲು ಹುಟ್ಟಿದವರ ಪ್ರಮಾಣಪತ್ರ, ಹಳೆಯ ಪಾಸ್‌ಪೋರ್ಟ್ ಎರಡರಲ್ಲೂ ಇಂಗ್ಲಿಷಿನಲ್ಲಿ ಹಳೆಯ ಕಾಗುಣಿತ ಇರುತ್ತದೆ. ಅದನ್ನು ತಿದ್ದಲು ಹೋಗಬೇಡಿ, ಹಳೆಯ ಪುಸ್ತಕದಲ್ಲಿ ಇದ್ದಂತೆಯೇ ಹುಟ್ಟಿದ ಸ್ಥಳ ತುಂಬಿ. ಹೊಸ ಕಾಗುಣಿತ ವಿಳಾಸದಲ್ಲಿ ಬರಲಿ, ಅಡ್ಡಿಯಿಲ್ಲ.

ವಿಳಾಸದ ಜೊತೆ ಪೊಲೀಸ್ ಠಾಣೆಯನ್ನೂ ಆರಿಸಬೇಕು. ತಾಲ್ಲೂಕಿನ ಹೆಸರು ಕಂಡ ಕೂಡಲೇ ಒತ್ತಿಬಿಡುವವರೇ ಹೆಚ್ಚು. ತೀರ್ಥಹಳ್ಳಿ ತಾಲ್ಲೂಕು ಎಂದರೆ ತೀರ್ಥಹಳ್ಳಿ ಠಾಣೆಯೊಂದೇ ಅಲ್ಲ, ಆಗುಂಬೆ, ಮಾಳೂರು ಬೇರೆ ಇವೆ. ಹೊಸನಗರದವರಿಗೆ ನಗರ, ರಿಪ್ಪನ್‌ಪೇಟೆ. ಸಾಗರದವರಿಗೆ ಆನಂದಪುರ, ಕಾರ್ಗಲ್. ತಪ್ಪು ಠಾಣೆ ಹಾಕಿದರೆ ಪರಿಶೀಲನೆ ಬೇಕಾದ ಫೈಲು ಅಲ್ಲಿಂದ ವಾಪಸಾಗಿ ಮತ್ತೆ ಸರಿಯಾದ ಠಾಣೆಗೆ ಬರುವಷ್ಟರಲ್ಲಿ ದಿನ ಹೋಗುತ್ತದೆ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಮಗುವಿಗೆ ಸಾಮಾನ್ಯವಾಗಿ ಪೊಲೀಸ್ ಪರಿಶೀಲನೆ ಇರುವುದಿಲ್ಲ. ಇಬ್ಬರ ಹತ್ತಿರವೂ ಪಾಸ್‌ಪೋರ್ಟ್ ಇಲ್ಲದಿದ್ದರೆ ಇರುತ್ತದೆ ಎಂದುಕೊಂಡೇ ಹೊರಡಿ.

ಮುಖ್ಯ ಕಾಗದ ಅನೆಕ್ಷರ್ ಡಿ. ಅಪ್ಪ ಅಮ್ಮ ಇಬ್ಬರೂ ಸೇರಿ, ಮಗುವಿನ ವಿವರ ಸರಿ ಇದೆ, ಪಾಸ್‌ಪೋರ್ಟ್ ಕೊಡಲು ನಮ್ಮ ಒಪ್ಪಿಗೆ ಇದೆ ಎಂದು ಸಹಿ ಮಾಡುವ ಘೋಷಣೆ ಅದು. ಪೋರ್ಟಲ್ಲಿನಲ್ಲಿ ನಮೂನೆ ಸಿಗುತ್ತದೆ, ಬಿಳಿ ಹಾಳೆಯಲ್ಲಿ ಪ್ರಿಂಟ್ ತೆಗೆದರೆ ಸಾಕು. ಛಾಪಾ ಕಾಗದ, ನೋಟರಿ ಯಾವುದೂ ಬೇಡ. 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲಿಸಿದಾಗಲೇ ಅವನ್ನು ಕೈಬಿಟ್ಟಿದ್ದಾರೆ. ಆದರೂ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಇವತ್ತಿಗೂ ಜನ ಇದನ್ನು ಛಾಪಾ ಕಾಗದದ ಮೇಲೆ ಮಾಡಿಸಿಕೊಂಡು ಬರುವುದುಂಟು. ಸುಮ್ಮನೆ ದುಡ್ಡು ದಂಡ. ಇಬ್ಬರ ಸಹಿ ಇದ್ದರೆ ಪಾಸ್‌ಪೋರ್ಟ್ ಕೇಂದ್ರದ ಕೌಂಟರಿಗೆ ಒಬ್ಬರು ಬಂದರೂ ನಡೆಯುತ್ತದೆ. ಮಗು ಮಾತ್ರ ಬರಲೇಬೇಕು. ಅಪ್ಪ ವಿದೇಶದಲ್ಲಿದ್ದರೆ ಅಲ್ಲಿಂದ ವಾಟ್ಸಾಪಿನಲ್ಲಿ ಕಳಿಸಿದ ಸಹಿ ನಡೆಯುವುದಿಲ್ಲ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಫಿಡವಿಟ್ ತರಿಸಬೇಕು, ಇಲ್ಲಿರುವ ಅಮ್ಮ ಡಿ ನಮೂನೆಗೆ ಸಹಿ ಮಾಡಬೇಕು. ಇದಕ್ಕೆ ಹಿಡಿಯುವ ಸಮಯವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಗಂಡ ಹೆಂಡತಿ ಬೇರೆಯಾಗಿದ್ದು ಒಬ್ಬರ ಒಪ್ಪಿಗೆ ಸಿಗದಿದ್ದರೆ ಅನೆಕ್ಷರ್ ಸಿ. ವಿಚ್ಛೇದನವಾಗಿ ಮಗು ಯಾರ ಸುಪರ್ದಿಯಲ್ಲಿರಬೇಕೆಂದು ಕೋರ್ಟ್ ಹೇಳಿದ್ದರೆ ಆ ಆದೇಶದ ಪ್ರತಿ ಜೊತೆಗಿರಲಿ.

ಉಳಿದವು: ಮಗುವಿನ ಹಳೆಯ ಪಾಸ್‌ಪೋರ್ಟ್ ಮತ್ತು ಅದರ ಮೊದಲ ಎರಡು, ಕೊನೆಯ ಎರಡು ಪುಟಗಳ ಜೆರಾಕ್ಸ್, ಜನನ ಪ್ರಮಾಣಪತ್ರ, ಮಗುವಿನ ಆಧಾರ್, ಅಪ್ಪ ಅಮ್ಮನ ಪಾಸ್‌ಪೋರ್ಟ್, ಈಗಿನ ವಿಳಾಸಕ್ಕೆ ದಾಖಲೆ. ಎಲ್ಲಕ್ಕೂ ಮೂಲ ಪ್ರತಿ ಬೇಕು, ಜೆರಾಕ್ಸ್ ಮೇಲೆ ನಿಮ್ಮ ಸಹಿ ಬೇಕು. 2023ರ ಅಕ್ಟೋಬರ್ 1 ಮತ್ತು ಆನಂತರ ಹುಟ್ಟಿದವರಿಗೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರ ಬಿಟ್ಟು ಬೇರೆ ದಾಖಲೆ ನಡೆಯುವುದಿಲ್ಲ. ಮಗುವಿಗೆ ಹೆಸರಿಡುವ ಮೊದಲೇ ತೆಗೆದ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ಅದನ್ನು ಹಾಗೇ ತಂದರೆ ಪ್ರಯೋಜನವಿಲ್ಲ, ಜನನ ನೋಂದಣಿ ಮಾಡಿದ ಕಚೇರಿಯಲ್ಲೇ ಹೆಸರು ಸೇರಿಸಿಕೊಂಡು ಬನ್ನಿ. ಆಧಾರ್‌ಗೂ ಐದು ಮತ್ತು ಹದಿನೈದನೇ ವಯಸ್ಸಿನಲ್ಲಿ ಬಯೋಮೆಟ್ರಿಕ್ ಹೊಸದಾಗಿ ಕೊಡಬೇಕು. ಎಳೆಗೂಸಿನ ಫೋಟೊ ಇರುವ ನೀಲಿ ಬಾಲ ಆಧಾರ್ ಹಿಡಿದು ಒಂಬತ್ತು ವರ್ಷದ ಹುಡುಗನನ್ನು ನಿಲ್ಲಿಸಿದರೆ ಪ್ರಶ್ನೆ ಬರದೇ ಇರುತ್ತದೆಯೇ?

ಶಿವಮೊಗ್ಗದಲ್ಲಿ ಇರುವುದು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ. ಇಂಥ ಕೇಂದ್ರ ದೇಶದಲ್ಲೇ ಮೊದಲು ತೆರೆದದ್ದು ಮೈಸೂರಿನಲ್ಲಿ, ಗುಜರಾತಿನ ದಾಹೋದ್ ಜೊತೆಗೆ, 2017ರ ಜನವರಿಯಲ್ಲಿ. ಇಲ್ಲಿ ಕಾಗದ ನೋಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ, ಫೋಟೊ ತೆಗೆಯುತ್ತಾರೆ. ಮಂಜೂರಾತಿ ಮಾತ್ರ ಇಲ್ಲಿ ಆಗುವುದಿಲ್ಲ, ಫೈಲು ಆನ್‌ಲೈನಿನಲ್ಲಿ ಮೇಲಿನ ಅಧಿಕಾರಿಗಳ ಹತ್ತಿರ ಹೋಗುತ್ತದೆ. ಕೌಂಟರಿನಲ್ಲಿ "ಎಲ್ಲ ಸರಿ ಇದೆ" ಎಂದು ಕಳಿಸಿದ ಮೇಲೂ ತಡೆ ಬರಬಹುದು ಎನ್ನುವುದು ಇದಕ್ಕೇ. ಗಂಟು ಇಲ್ಲಿ ಬಿಡಿಸದಿದ್ದರೆ ಕೋರಮಂಗಲದ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೇ ಹೋಗಬೇಕಾಗಬಹುದು. ಶಾಲೆಗೆ ರಜೆ, ರಾತ್ರಿ ಬಸ್ಸು, ಆಟೊ ಎಲ್ಲ ಕೂಡಿಸಿದರೆ ಆ ಸಾವಿರ ರೂಪಾಯಿ ಯಾವ ಲೆಕ್ಕ! ಅದಕ್ಕೇ ಹೆಸರಿನ ಅಕ್ಷರಗಳ ಬಗ್ಗೆ ಅಷ್ಟು ಹೇಳಿದ್ದು.

ಶಿವಮೊಗ್ಗದಲ್ಲಿ ಸ್ಲಾಟ್, ಅಂದರೆ ಕೇಂದ್ರಕ್ಕೆ ಬರಲು ಕೊಡುವ ದಿನ, ದೂರ ತೋರಿಸಿದರೆ ದಾವಣಗೆರೆ, ಹಾಸನ, ಉಡುಪಿಯನ್ನೂ ನೋಡಿ. 2018ರಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಕೊಡಬಹುದು. ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದೂ ಒಂದೇ ದಿನದ ಕೆಲಸ. ತತ್ಕಾಲ್ ಬೇಕಿದ್ದರೆ ನೀವು ಆರಿಸಿದ ಕೇಂದ್ರದಲ್ಲಿ ಅದರ ಸ್ಲಾಟ್ ಇದೆಯೇ ಎಂದು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಸರಿ ಇದ್ದು, ಪ್ರಯಾಣಕ್ಕೆ ತಿಂಗಳು ಇದ್ದರೆ ತತ್ಕಾಲ್‌ನ ಹಂಗು ಬೇಡ ಎಂಬುದು ನನ್ನ ಅಭಿಪ್ರಾಯ. ಪೊಲೀಸ್ ಪರಿಶೀಲನೆ ಇಲ್ಲದ ಸಾಮಾನ್ಯ ಅರ್ಜಿಯೂ ಬೇಗನೇ ಮುಗಿಯುತ್ತದೆ.

ಫೋಟೊ ವಿಷಯ. ನಾಲ್ಕು ವರ್ಷ ತುಂಬದ ಮಗುವಿಗೆ ನೀವೇ ಫೋಟೊ ತರಬೇಕು: 4.5 × 3.5 ಸೆಂಟಿಮೀಟರ್, ಹಿಂದೆ ಬಿಳಿ ಬಣ್ಣ. ಸ್ಟುಡಿಯೊದವರಿಗೆ ಅಳತೆ ಹೇಳಿಯೇ ತೆಗೆಸಿ. ಕಣ್ಣು ತೆರೆದಿರಬೇಕು, ಮಗುವನ್ನು ಹಿಡಿದುಕೊಂಡವರ ಕೈ ಕಾಣಬಾರದು. ಬಿಳಿ ಅಂಗಿ ಹಾಕಿದರೆ ಹೆಗಲು ಹಿನ್ನೆಲೆಯಲ್ಲೇ ಕರಗಿಹೋಗುತ್ತದೆ, ಗಾಢ ಬಣ್ಣದ್ದು ಹಾಕಿ. ನಾಲ್ಕು ದಾಟಿದವರ ಫೋಟೊ ಅಲ್ಲೇ ತೆಗೆಯುತ್ತಾರೆ. ಶಾಲೆಯ ಬಿಳಿ ಸಮವಸ್ತ್ರದಲ್ಲೇ ಕರೆದುಕೊಂಡು ಹೋಗಬೇಡಿ, ಹಣೆಗೆ ಬಿದ್ದ ಕೂದಲು ಬಾಚಿ. ಸಹಿ ಬಾರದ ಮಗು ಹೆಬ್ಬೆಟ್ಟು ಒತ್ತಬೇಕು, ಹುಡುಗರು ಎಡಗೈ, ಹುಡುಗಿಯರು ಬಲಗೈ. ಮಗುವಿನ ಪರವಾಗಿ ಅಪ್ಪ ಅಮ್ಮ ಸಹಿ ಹಾಕುವಂತಿಲ್ಲ. ಏಳೆಂಟು ವರ್ಷದವರಿಗೆ ಹಿಂದಿನ ದಿನ ಮನೆಯಲ್ಲೇ ನಾಲ್ಕು ಸಲ ಬರೆಸಿ ಒಂದು ಸಹಿ ಗಟ್ಟಿ ಮಾಡಿಸಿ, ಕೌಂಟರಿನಲ್ಲಿ ಹೇಗೋ ಗೀಚಿದ್ದೇ ಐದು ವರ್ಷ ಉಳಿಯುತ್ತದೆ.

ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ, ಗೇಟಿನ ಡಬ್ಬಿಗೆ ಹಾಕಿ ಹೋಗುವುದಿಲ್ಲ. ಕೊಡುವಾಗ ಗುರುತಿನ ಚೀಟಿ ಕೇಳುತ್ತಾರೆ. ಒಂಟಿ ಮನೆಗಳ ಊರಿನವರು ವಿಳಾಸದಲ್ಲಿ ಮನೆಯ ಹೆಸರು, ಊರು, ಅಂಚೆ, ಪಿನ್ ನಾಲ್ಕನ್ನೂ ಬರೆಯಿರಿ. ತೀರ್ಥಹಳ್ಳಿ 577432, ಸಾಗರ 577401, ಆದರೆ ಹಳ್ಳಿಯ ಅಂಚೆಗೆ ಬೇರೆ ಪಿನ್ ಇದ್ದರೆ ಅದನ್ನೇ ಹಾಕಿ. ಯಾರೂ ಸಿಗದೆ ವಾಪಸಾದರೆ ಅದು ಹೋಗುವುದು ಬೆಂಗಳೂರಿಗೆ. ಕವರು ಒಡೆದ ಕೂಡಲೇ ಹೆಸರು, ಜನ್ಮದಿನಾಂಕ, ಅಪ್ಪ ಅಮ್ಮನ ಹೆಸರುಗಳನ್ನು ಅಕ್ಷರ ಅಕ್ಷರ ಓದಿ. ಹೊಸ ಪುಸ್ತಕಕ್ಕೆ ಹೊಸ ನಂಬರು ಇರುತ್ತದೆ, ಹಳೆಯ ನಂಬರು ಕೊಟ್ಟು ಮಾಡಿಸಿದ ಟಿಕೆಟ್ ಇದ್ದರೆ ತಿದ್ದಿಸಿ. ರದ್ದಾದ ಹಳೆಯದನ್ನು ವಾಪಸು ಕೊಡುತ್ತಾರೆ, ಅದರಲ್ಲಿ ಅವಧಿ ಇರುವ ವೀಸಾ ಇದ್ದರೆ ಎರಡನ್ನೂ ಜೊತೆಗೆ ಒಯ್ಯಬೇಕು.

ಇಡುವುದು ಎಲ್ಲಿ ಎಂಬುದೂ ಮಲೆನಾಡಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಾಗಿದ ಬೀರುವಿನಲ್ಲಿ ಬಟ್ಟೆಯ ನಡುವೆ ಇಟ್ಟ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಹೊಲಿಗೆಯ ಹತ್ತಿರ ಪುಟ ಅಂಟಿಕೊಳ್ಳುತ್ತದೆ, ರಟ್ಟು ಸೊಟ್ಟಗಾಗುತ್ತದೆ. ನಂಬರು, ಹೆಸರು ಓದಲು ಬರದಷ್ಟು ಅಥವಾ ಫೋಟೊ ಅಳಿಸುವಷ್ಟು ಆದರೆ ಅದು ಹಾಳಾದ ಪಾಸ್‌ಪೋರ್ಟ್, 3000 ರೂಪಾಯಿಯ ಲೆಕ್ಕ. ಜಿಪ್ ಕವರಿನಲ್ಲಿ ಹಾಕಿ, ಜೊತೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಡಿ. ಈಗ ಬರುತ್ತಿರುವ ಇ-ಪಾಸ್‌ಪೋರ್ಟಿನ ರಟ್ಟಿನೊಳಗೆ ಚಿಪ್ ಇರುತ್ತದೆ, ಹಾಗಾಗಿ ಮಡಚುವುದು, ಸ್ಟೇಪಲ್ ಹೊಡೆಯುವುದು ಬೇಡ. ಒದ್ದೆಯಾದರೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ಹೋಗಬೇಡಿ, ಪುಟ ಬಿಡಿಸಿ ಫ್ಯಾನಿನ ಕೆಳಗೆ ಇಡಿ.