ಒಂದೇ ಪದದಲ್ಲಿ ಕಾಫಿ ಕೇಳುವ ಜನ

ಈಗೀಗ ಸುಮ್ನೆ ಗ್ರೀನ್‌ಲ್ಯಾಂಡಿನ ಭಾಷೆಯ ಬೆನ್ನು ಹತ್ತಿದ್ದೇನೆ. ಹೆಸರು ಕಲಾಲ್ಲಿಸುತ್. 2009ರಿಂದ ಅಲ್ಲಿನ ಆಡಳಿತ ಭಾಷೆ ಅದೊಂದೇ, ಡ್ಯಾನಿಶ್ ಅಲ್ಲ.

ಕಾಫಿಗೆ ಅಲ್ಲೂ 'ಕಾಫಿ'ನೇ. ಅದಕ್ಕೆ 'ಸೊರ್' ಅಂಟಿಸಿದರೆ ಕುಡಿಯುವುದು, ಅದರ ಹಿಂದೆ 'ರುಸುಪ್' ಬಂದರೆ ಬೇಕು ಅನ್ನಿಸುವುದು, ಕೊನೆಗೆ 'ಪುಂಗಾ' ಅಂದರೆ ನಾನು. ಕೂಡುವಾಗ ಒಂದು ಅಕ್ಷರ ಸವೆದು 'ಕಾಫಿಸೊರುಸುಪ್ಪುಂಗಾ' ಆಗುತ್ತದೆ. ನನಗೆ ಕಾಫಿ ಕುಡೀಬೇಕು ಅನ್ನೋ ಇಡೀ ವಾಕ್ಯ ಒಂದೇ ಪದ! ತಮಾಷೆ ಅಂದ್ರೆ ಈ 'ರುಸುಪ್' ಒಂಟಿಯಾಗಿ ನಿಲ್ಲುವುದೇ ಇಲ್ಲ, ಯಾವುದಾದರೂ ಕ್ರಿಯೆಯ ಬಾಲ ಹಿಡಿದೇ ಬರಬೇಕು. ನಮ್ಮಲ್ಲೂ ಪ್ರತ್ಯಯಗಳಿಗೆ ಬರವಿಲ್ಲ, ಆದರೆ 'ಬೇಕು' ಒಂಟಿಯಾಗಿಯೂ ಜೋರಾಗಿ ಓಡಾಡುತ್ತದೆ ಅಲ್ವಾ.

'ಫಿಕ್' ನನಗೆ ಜಾಸ್ತಿ ಇಷ್ಟವಾಯಿತು. ಜಾಗ ಅಂತ ಅರ್ಥ. ಓದುವ ಜಾಗ 'ಅಟುವಾರ್ಫಿಕ್', ಅಂದರೆ ಶಾಲೆ. ಇಳಿಯುವ ಜಾಗ 'ಮಿತ್ತರ್ಫಿಕ್', ವಿಮಾನ ನಿಲ್ದಾಣ. ವಿಮಾನ 'ಟಿಮ್ಮಿಸಾರ್ತೊಕ್', ಹಾರುತ್ತಿರುವಂಥದ್ದು. 'ಉಮಿಯಾಕ್' ಅನ್ನೋದು ತೊಗಲಿನ ಹಳೇ ದೋಣಿ, ಅದಕ್ಕೆ ದೊಡ್ಡದು ಅನ್ನೋ 'ಸುವಾಕ್' ಸೇರಿ 'ಉಮಿಯರ್ಸುವಾಕ್' ಆದರೆ ಹಡಗು. ಕಂಪ್ಯೂಟರಿಗೂ ಹೊರಗಿನ ಹೆಸರು ತರಲಿಲ್ಲ, ಮಿದುಳು ಅನ್ನೋ 'ಕರಸಾಕ್' ಹಿಡಿದು 'ಕರಸಾಸಿಯಾಕ್' ಮಾಡಿಕೊಂಡರು, ಕೃತಕ ಮಿದುಳು ಅನ್ನೋ ಥರ. ಎಐ ಮನೆಮಾತಾಗೋ ಎಷ್ಟೋ ಮೊದಲೇ!

ನಾವು ಹೊಸ ವಸ್ತು ಬಂದ ಕೂಡಲೇ ಸಂಸ್ಕೃತದ ಬಾಗಿಲು ತಟ್ಟುತ್ತೇವೆ, ಇಲ್ಲವೇ ಇಂಗ್ಲಿಷ್ ಪದಕ್ಕೊಂದು 'ಉ' ಹಚ್ಚಿ ಬಿಡುತ್ತೇವೆ. 'ಬಸ್ಸು', 'ಕಾರು'. ಅದೂ ಒಂದು ಬಗೆಯ ಬಾಲವೇ ಅನ್ನಿ.