ಚೌಕಗಳ ನಡುವಿನ ಗೆರೆಗಳು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳಿಗೆಂದು ಹುಬ್ಬಳ್ಳಿಯ ಗೆಳೆಯರೊಬ್ಬರ ತಂಡ ತೂಕ ಹಾಗೂ ಲೆಕ್ಕಪಟ್ಟಿಯ ತಂತ್ರಾಂಶವೊಂದನ್ನು ಸಿದ್ಧಪಡಿಸುತ್ತಿದ್ದು, ಅದರ ವಿನ್ಯಾಸವನ್ನು ಪರಿಶೀಲಿಸಿಕೊಡಲು ಕಳೆದ ತಿಂಗಳು ನನ್ನನ್ನು ಕೇಳಿದ್ದರು. ನಕ್ಷೆಯಲ್ಲಿದ್ದ ಚೌಕಗಳಿಗೆಲ್ಲ ಹೆಸರಿತ್ತು: ದತ್ತಾಂಶ ಇಡುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಮುಕ್ತ (ಸೋರ್ಸ್ ಕೋಡ್ ಎಲ್ಲರಿಗೂ ತೆರೆದದ್ದು), ತೂಕದ ಯಂತ್ರದೊಡನೆ ಬಂದ ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡಿನ ಕಡತ) ಮುಚ್ಚಿದ್ದು, ಉಳಿದದ್ದು ಅವರದೇ. ಅವುಗಳನ್ನು ಕೂಡಿಸುವ ಗೆರೆಗಳಿಗೆ ಮಾತ್ರ ಒಂದಕ್ಕೂ ಹೆಸರಿರಲಿಲ್ಲ. ಮುಕ್ತವೂ ಮುಚ್ಚಿದ್ದೂ ಕೂಡಿದ ಇಂಥ ಬೆರಕೆ ವಿನ್ಯಾಸದಲ್ಲಿ ನಾನು ಮೊದಲು ನೋಡುವುದು, ಯಾವ ಭಾಗ ಯಾವುದರೊಡನೆ ಹೇಗೆ, ಯಾವ ಷರತ್ತಿನಲ್ಲಿ ಕೂಡುತ್ತದೆಂದು ಹೇಳಬೇಕಾದ ಆ ಗೆರೆಗಳನ್ನೇ.

ಮಾದರಿ ಪಟ್ಟಿಯ ತಲೆಯಲ್ಲಿ ಊರಿನ ಹೆಸರೇ ‘ಬ್‌ಯಾಡಗಿ’ ಎಂದು ಅಚ್ಚಾಗಿತ್ತು. ಫಾಂಟ್ ಬದಲಿಸಿ ನೋಡಿದರಂತೆ. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಫಾಂಟಿನೊಳಗಿನ ನಿಯಮಗಳನ್ನು ಓದಿ ಒತ್ತಕ್ಷರವನ್ನು ಕೂಡಿಸುವ ಎಂಜಿನ್ ಬೇರೆಯೇ ಬೇಕು. ಪಟ್ಟಿಯನ್ನು ಪಿಡಿಎಫ್ ಆಗಿಸಲು ಅವರು ಆರಿಸಿಕೊಂಡಿದ್ದ ಲೈಬ್ರರಿ (ಸಿದ್ಧ ಕೋಡಿನ ಕಂತೆ) ಎಜಿಪಿಎಲ್ ಎಂಬ ಪರವಾನಗಿಯಡಿ ಮುಕ್ತವಾಗಿದ್ದರೂ, ಭಾರತೀಯ ಲಿಪಿಗಳನ್ನು ಕೂಡಿಸುವ ಅದರ ಭಾಗ ಮುಚ್ಚಿದ್ದು, ಹಣ ಕೊಟ್ಟು ಕೊಳ್ಳಬೇಕಾದದ್ದು. ಹಸಿರು ಬಣ್ಣ ಬಳಿದು ‘ಮುಕ್ತ’ ಎಂದು ಬರೆದ ಚೌಕದಲ್ಲಿ ಕನ್ನಡಕ್ಕೆ ಬೇಕಾದದ್ದೇ ಇರಲಿಲ್ಲ. ಇದ್ದ ಪರವಾನಗಿಯಾದರೂ, ಲೈಬ್ರರಿಯನ್ನು ತಮ್ಮ ತಂತ್ರಾಂಶದಲ್ಲಿ ಬೆಸೆದು ಅಂಗಡಿಗಳಿಗೆ ಕೊಟ್ಟರೆ ಇಡೀ ತಂತ್ರಾಂಶದ ಸೋರ್ಸ್ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆನ್ನುವಂಥದ್ದು. ಸರ್ವರ್‌ನಲ್ಲಿಟ್ಟು ಬಳಕೆಗೆ ಬಿಟ್ಟರೆ ಈ ಹೊಣೆ ತಪ್ಪುತ್ತದೆಂದು ತಂಡ ನಂಬಿತ್ತು. ಆ ಸಂದನ್ನು ಮುಚ್ಚಲೆಂದೇ 2007ರ ಎಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ 13ನೆಯ ಕಲಮು ಇದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರ ಕೂಡಿಸುವ ಹಾರ್ಫ್‌ಬಝ್ ಎಂಐಟಿ ಮಾದರಿಯ ಸಡಿಲ ಪರವಾನಗಿಯಲ್ಲಿರುವುದರಿಂದ, ಅದನ್ನು ಬಳಸುವ ದಾರಿಗೆ ಹೊರಳಲು ಸೂಚಿಸಿದೆ.

ತೂಕದ ಯಂತ್ರದ ತೊಡಕು ಬೇರೆ ಬಗೆಯದು. ಡಿಎಲ್‌ಎಲ್ 32 ಬಿಟ್‌ನದು, ಅವರ ಪ್ರೋಗ್ರಾಂ 64 ಬಿಟ್‌ನದು. ವಿಂಡೋಸ್‌ನಲ್ಲಿ ಎರಡೂ ಒಂದೇ ಪ್ರೊಸೆಸ್‌ನೊಳಗೆ ಕೂಡಿ ನಡೆಯುವುದಿಲ್ಲ. ನನಗೆ ಇದು ಅನುಕೂಲದ ಅಡ್ಡಿಯೆಂದೇ ಕಂಡಿತು. ಡಿಎಲ್‌ಎಲ್ ಅನ್ನು ಪುಟ್ಟ ಪ್ರತ್ಯೇಕ ಪ್ರೋಗ್ರಾಂನಲ್ಲಿಟ್ಟು, ಸಾಕೆಟ್ (ಎರಡು ಪ್ರೋಗ್ರಾಂಗಳ ನಡುವಿನ ಸಂಪರ್ಕದ ಕೊಂಡಿ) ಮೂಲಕ ತೂಕ, ಸಮಯ, ಯಂತ್ರದ ಸಂಖ್ಯೆ ಇಷ್ಟನ್ನೇ ದಾಟಿಸಿದರೆ, ಮುಚ್ಚಿದ ಭಾಗ ಕೈಕೊಟ್ಟಾಗಲೂ ಗುಮಾಸ್ತರು ತೂಕವನ್ನು ಕೈಯಿಂದ ಬರೆದು ಪಟ್ಟಿ ಮುಗಿಸಬಹುದು. ಅಂಗಳದಲ್ಲಿ ಚೀಲಗಳ ರಾಶಿ ಬಿದ್ದಿರುವ ದಿನ ರೈತರನ್ನು ಕಾಯಿಸುವಂತಿಲ್ಲ.

ಪರವಾನಗಿಯ ಪಕ್ಕದಲ್ಲಿ ಆವೃತ್ತಿಯನ್ನೂ ಬರೆಯಿರಿ ಎಂದೆ, ಏಕೆಂದರೆ ಆವೃತ್ತಿಯೊಡನೆ ಪರವಾನಗಿಯೂ ಬದಲಾಗಬಹುದು. ದತ್ತಾಂಶವನ್ನು ಮೆಮೊರಿಯಲ್ಲಿಡುವ ರೆಡಿಸ್ ತಂತ್ರಾಂಶ 2024ರ ಮಾರ್ಚ್‌ನಲ್ಲಿ ಬಿಎಸ್‌ಡಿ ಎಂಬ ಸಡಿಲ ಪರವಾನಗಿಯನ್ನು ಬಿಟ್ಟಿತು, ಅದರಿಂದ ವಾಲ್ಕಿ ಎಂಬ ಬೇರೆ ತಂತ್ರಾಂಶ ಕವಲೊಡೆಯಿತು, 2025ರಲ್ಲಿ ರೆಡಿಸ್‌ಗೆ ಎಜಿಪಿಎಲ್ ಆಯ್ಕೆಯೂ ಸೇರಿತು.

ತಿದ್ದಿದ ನಕ್ಷೆ ನಿನ್ನೆ ಬಂದಿದೆ, ‘ಬ್ಯಾಡಗಿ’ ಸರಿಯಾಗಿ ಅಚ್ಚಾಗಿದೆ. ಡಿಎಲ್‌ಎಲ್ ಅನ್ನು ಅಂಗಡಿಗಳಿಗೆ ಹಂಚಲು ಯಂತ್ರದ ತಯಾರಕರ ಲಿಖಿತ ಒಪ್ಪಿಗೆ ಇನ್ನೂ ಬಂದಿಲ್ಲವಾದ್ದರಿಂದ, ಆ ಒಂದು ಗೆರೆಯ ಮೇಲೆ ನನ್ನ ಸಹಿ ಬಾಕಿ ಇದೆ.